ಜೀನಿಗೆ ಮೊದಲು ಲಾಯ

ಬೇಸಿಗೆ ರಜೆ ಹತ್ತಿರವಾದಂತೆ ನನಗೆ ಫೋನು ಬರಲು ಶುರುವಾಗುತ್ತದೆ. ಮಾಡುವವರು ಬ್ಯಾಂಕಿನ ಸಹೋದ್ಯೋಗಿಗಳು, ಅಪಾರ್ಟ್‌ಮೆಂಟಿನ ನೆರೆಯವರು, ಅವರಿಗೆ ಗೊತ್ತಿರುವವರು. ಮಗಳನ್ನೋ ಮಗನನ್ನೋ ಕುದುರೆ ಸವಾರಿ ಕ್ಲಾಸಿಗೆ ಸೇರಿಸಬೇಕು, ಯಾವ ಶಾಲೆ ಒಳ್ಳೆಯದು, ಫೀಸು ಎಷ್ಟು, ಎಷ್ಟು ವಾರದಲ್ಲಿ ಓಡಿಸುವಷ್ಟಾಗುತ್ತಾರೆ, ಬಿದ್ದುಗಿದ್ದರೆ ಏನು ಗತಿ. ಇದಕ್ಕೆಲ್ಲ ಉತ್ತರ ಕೊಡುವ ಮೊದಲು ನಾನು ಅವರಿಗೆ ಒಂದು ಕೆಲಸ ಹೇಳುತ್ತೇನೆ. ಶಾಲೆಗೆ ಫೋನು ಮಾಡಿ, ಮೊದಲ ದಿನ ಮಗುವಿನ ಕೈಗೆ ಏನು ಕೊಡುತ್ತೀರಿ ಎಂದು ಕೇಳಿ. ಬ್ರಷ್ಷು ಅಂದರೆ ಹೋಗಿ ನೋಡಿಬನ್ನಿ. ಲಗಾಮು ಅಂದರೆ ಬೇರೆ ಶಾಲೆ ಹುಡುಕಿ.

ಸವಾರಿ ಕಲಿಯುವುದು ಲಾಯದಲ್ಲಿ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಯದ ಪಾಠ ಹೇಳಲು ಬಲ್ಲವರು ಕುದುರೆ ನೋಡಿಕೊಳ್ಳುವ ಸೈಸ್‌ಗಳು. ಅವರನ್ನು ಗುರುಗಳೆಂದು ಒಪ್ಪದ, ಅವರ ಕೈಗೆ ಬರೀ ಸಲಿಕೆ ಬುಟ್ಟಿ ಕೊಟ್ಟು ಹಿಂದಕ್ಕೆ ನಿಲ್ಲಿಸುವ ಜಾಗ ಎಷ್ಟೇ ಹಸಿರಾಗಿರಲಿ, ಎಷ್ಟೇ ದೊಡ್ಡ ಬೋರ್ಡು ಹಾಕಿಕೊಂಡಿರಲಿ, ಅದು ಬಾಡಿಗೆಗೆ ಕುದುರೆ ಕೊಡುವ ಜಾಗ.

ಈ ಮಾತಿನ ಹಿಂದೆ ನಮ್ಮ ಮನೆಯ ಕಥೆಯೂ ಇದೆ. ನಾನು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವಳು. ತಾತ ಜಟಕಾ ಹೊಡೆಯುತ್ತಿದ್ದರು. ರೈಲ್ವೆ ಸ್ಟೇಷನ್ನಿನಿಂದ ಅರಮನೆ, ಅರಮನೆಯಿಂದ ದೇವರಾಜ ಮಾರುಕಟ್ಟೆ. ದಸರೆ ಬಂತೆಂದರೆ ರಾತ್ರಿ ಹನ್ನೊಂದಾದರೂ ಬಂಡಿ ಮನೆಗೆ ಬರುತ್ತಿರಲಿಲ್ಲ. ಬಂದ ಮೇಲೂ ತಾತ ನೇರವಾಗಿ ಒಳಗೆ ಬರುವವರಲ್ಲ. ಕುದುರೆಯನ್ನು ಬಂಡಿಯಿಂದ ಬಿಚ್ಚಿ, ಬೆವರು ಆರುವ ತನಕ ಓಣಿಯಲ್ಲಿ ಮೆಲ್ಲಗೆ ನಡೆಸಿ, ಗೋಣಿತಾಟಿನಿಂದ ಮೈ ಒರೆಸಿ, ನೀರು ಕುಡಿಸಿ, ಆಮೇಲೆ ಕುಕ್ಕರಗಾಲಲ್ಲಿ ಕೂತು ಅದರ ನಾಲ್ಕೂ ಕಾಲುಗಳನ್ನು ಮೇಲಿನಿಂದ ಗೊರಸಿನವರೆಗೆ ಅಂಗೈಯಲ್ಲಿ ಸವರುತ್ತಿದ್ದರು. ಎಲ್ಲಾದರೂ ಬಿಸಿ ತಗುಲಿದರೆ ಮಾರನೆಯ ದಿನ ಬಂಡಿ ಹೂಡುತ್ತಿರಲಿಲ್ಲ. ದುಡಿಮೆಯಿಲ್ಲದ ದಿನ ಒಲೆಯ ಮೇಲೆ ಏನಿಡುವುದು ಎಂಬುದು ಅಜ್ಜಿಯ ಚಿಂತೆ. ಕಾಲು ಬಿಸಿಯಿರುವ ಕುದುರೆಯನ್ನು ದುಡಿಸಬಾರದು ಎಂಬುದು ತಾತನ ಕಟ್ಟಳೆ. ನೆನೆಸಿ ಬೇಯಿಸಿ ಆರಿಸಿದ ಹುರುಳಿಯನ್ನು ಅದು ತಿಂದು ಮುಗಿಸಿದ ಮೇಲೆಯೇ ತಾತ ಉಣ್ಣಲು ಕೂರುತ್ತಿದ್ದುದು.

ಆಮೇಲೆ ಬಂಡಿ ಹೋಯಿತು, ಕುದುರೆಯೂ ಹೋಯಿತು. ಅಪ್ಪ ಆಟೊ ಓಡಿಸಿದರು, ನಾನು ಓದಿ ಬ್ಯಾಂಕು ಸೇರಿ ಬೆಂಗಳೂರಿಗೆ ಬಂದೆ. ನಮ್ಮ ಮನೆಯಲ್ಲಿ ಅಷ್ಟು ವರ್ಷ ಕುದುರೆ ಇತ್ತು, ಆದರೆ ಕುದುರೆಯ ಬೆನ್ನ ಮೇಲೆ ಕೂತವರು ಒಬ್ಬರೂ ಇರಲಿಲ್ಲ. ಕೂರುವುದು ಅರಮನೆಯವರ, ಪೊಲೀಸರ, ರೇಸಿನವರ ಕೆಲಸ ಎಂದು ತಿಳಿದಿದ್ದೆವು. ನಲವತ್ತು ದಾಟಿದ ಮೇಲೆ, ಮಗಳ ಜೊತೆಗೇ ನಾನೂ ಬೆಂಗಳೂರಿನ ಉತ್ತರಕ್ಕಿರುವ ಒಂದು ಶಾಲೆಗೆ ಹೆಸರು ಕೊಟ್ಟೆ.

ಅಲ್ಲಿನ ಮೇಷ್ಟ್ರು ಸೇನೆಯ ಅಶ್ವದಳದಿಂದ ನಿವೃತ್ತರಾಗಿ ಬಂದವರು. ನಮ್ಮ ಸೇನೆಯಲ್ಲಿ ಈಗಲೂ ಕುದುರೆಯ ಮೇಲೆಯೇ ಉಳಿದಿರುವ ರೆಜಿಮೆಂಟು ಜೈಪುರದ 61ನೇ ಕ್ಯಾವಲ್ರಿ. ಸಂಸ್ಥಾನಗಳ ಅಶ್ವದಳಗಳನ್ನು ಒಂದುಗೂಡಿಸಿ 1953ರಲ್ಲಿ ಅದನ್ನು ಕಟ್ಟಿದಾಗ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರೊಳಗೆ ಸೇರಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣಕ್ಕೆ ನುಗ್ಗಿದ ಅದೇ ಮೈಸೂರು ಲ್ಯಾನ್ಸರ್ಸ್. ಅಂಥ ಪರಂಪರೆಯಿಂದ ಬಂದವರು ನಮ್ಮನ್ನು ಮೊದಲ ದಿನವೇ ಕುದುರೆ ಹತ್ತಿಸುತ್ತಾರೆ ಎಂದುಕೊಂಡೇ ಹೋಗಿದ್ದೆವು. ಮೇಷ್ಟ್ರು ನಮ್ಮ ಬೂಟು, ಹೆಲ್ಮೆಟ್ಟು ನೋಡಿದರು, ಲಾಯದ ಕಡೆ ಕೈ ತೋರಿಸಿದರು. "ಮೊದಲು ಇವರ ಹತ್ತಿರ ಕಲಿತು ಬನ್ನಿ. ಇವರು ಸರಿ ಅಂದ ಮೇಲೆ ನನ್ನ ಕ್ಲಾಸು."

ಇವರು ಅಂದದ್ದು ಐವತ್ತರ ಆಸುಪಾಸಿನ ಸೈಸ್ ಒಬ್ಬರನ್ನು. ಕುಣಿಗಲ್ ಕಡೆಯವರು. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಊರಿನವರಿಗೆ ಈ ವಿದ್ಯೆ ಮನೆಯ ಮಾತಿನ ಹಾಗೆಯೇ ಬಂದಿರುತ್ತದೆ. ನನಗೆ ಅವರು ಹೇಳಿದ ಮೊದಲ ಮಾತು, "ಅಕ್ಕಾ, ಎದುರಿಗೆ ನಿಂತು ಮೂತಿ ಮುಟ್ಟಕ್ಕೆ ಹೋಗ್ಬೇಡಿ. ಭುಜದ ಕಡೆಯಿಂದ ಬನ್ನಿ, ಮಾತಾಡ್ತಾ ಬನ್ನಿ."

ಅದಕ್ಕೆ ಕಾರಣವಿದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುತ್ತವೆ. ಹುಲ್ಲು ಮೇಯುತ್ತಲೇ ಹೆಚ್ಚುಕಡಿಮೆ ಸುತ್ತಲಿನದನ್ನೆಲ್ಲ ಅದು ನೋಡಬಲ್ಲದು. ಕಾಣದಿರುವುದು ಎರಡೇ ಕಡೆ: ಹಣೆಯ ನೇರ ಮುಂದೆ ಒಂದಿಷ್ಟು ಜಾಗ, ಬಾಲದ ನೇರ ಹಿಂದೆ ಒಂದಿಷ್ಟು ಜಾಗ. ಮನುಷ್ಯರು ಪ್ರೀತಿಯಿಂದ ಕೈ ಚಾಚುವುದು ಅದರ ಹಣೆಗೆ, ಮಕ್ಕಳು ಆಟವಾಡುತ್ತ ಓಡಿಬರುವುದು ಅದರ ಹಿಂದಿನಿಂದ. ತಿನ್ನಲು ಬರುವ ಪ್ರಾಣಿಯಿಂದ ಓಡಿ ತಪ್ಪಿಸಿಕೊಂಡೇ ಬದುಕಿ ಬಂದ ಜೀವ ಅದು. ಕಾಣದ ಕಡೆಯಿಂದ ಏನು ಬಂದರೂ ಮೊದಲು ಹಾರುತ್ತದೆ, ಇಲ್ಲವೇ ಒದೆಯುತ್ತದೆ. ಅದರಲ್ಲಿ ಸಿಟ್ಟಿರುವುದಿಲ್ಲ, ಹೆದರಿಕೆ ಇರುತ್ತದೆ. ನಾಲ್ಕೈದು ಕ್ವಿಂಟಾಲ್ ತೂಕದ ಹೆದರಿಕೆ. ಒಂದು ಮಗುವಿಗೆ ಈ ಒಂದು ಸಂಗತಿ ಅರ್ಥವಾದರೆ ಅರ್ಧ ಅಪಘಾತಗಳು ಅಲ್ಲೇ ನಿಲ್ಲುತ್ತವೆ ಎಂದು ನನ್ನ ನಂಬಿಕೆ.

ಕಿವಿಗಳನ್ನು ಓದಲು ಕಲಿಸಿದರು. ಎರಡು ಕಿವಿಯನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಬಲ್ಲ ಪ್ರಾಣಿ ಅದು. ಮನಸ್ಸು ಎಲ್ಲಿದೆಯೋ ಕಿವಿ ಅಲ್ಲಿರುತ್ತದೆ. ಮುಂದಕ್ಕೆ ನಿಮಿರಿದ್ದರೆ ಏನನ್ನೋ ನೋಡುತ್ತಿದೆ, ಒಂದು ಕಿವಿ ನನ್ನ ಕಡೆ ತಿರುಗಿದ್ದರೆ ನನ್ನ ಮಾತು ಕೇಳುತ್ತಿದೆ, ಎರಡೂ ಹಿಂದಕ್ಕೆ ಕತ್ತಿಗೆ ಅಂಟಿಕೊಂಡರೆ ಹತ್ತಿರ ಹೋಗಬಾರದು. ಹಿಡಿದು ನಡೆಸುವಾಗ ಅದರ ಎಡಭುಜದ ಪಕ್ಕ ನಡೆಯಬೇಕು, ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು, ಮಡಿಚಿ ಮುಷ್ಟಿಯಲ್ಲಿ ಹಿಡಿಯಬೇಕು. ಸುತ್ತಿಕೊಂಡ ಹಗ್ಗವನ್ನು ಕುದುರೆ ಜಗ್ಗಿದರೆ ಬೆರಳು ಉಳಿಯುವುದಿಲ್ಲ.

ಆಮೇಲೆ ಮೈ ಉಜ್ಜುವುದು. ನನಗೆ ಕೊಟ್ಟಿದ್ದು ರೇಸ್‌ನಿಂದ ನಿವೃತ್ತಿಯಾಗಿ ಬಂದ ಹೆಣ್ಣು ಕುದುರೆ. ರೇಸಿನಲ್ಲಿ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತಂತೆ, ಲಾಯದಲ್ಲಿ ರಾಣಿ. ರಬ್ಬರ್ ಬಾಚಣಿಗೆಯನ್ನು ವೃತ್ತಾಕಾರವಾಗಿ ತಿರುಗಿಸಿ ಒಳಗಿನ ಮಣ್ಣು ಎಬ್ಬಿಸಬೇಕು, ಗಟ್ಟಿ ಬ್ರಷ್ಷಿನಿಂದ ಅದನ್ನು ಕೊಡವಬೇಕು, ಕೊನೆಗೆ ಮೆತ್ತನೆಯ ಬ್ರಷ್ಷಿನಿಂದ ಕೂದಲು ಒರಗಿರುವ ದಿಕ್ಕಿಗೇ ಸವರಬೇಕು. ಮೂಳೆ ಎದ್ದಿರುವ ಜಾಗದಲ್ಲಿ, ಕಾಲಿನಲ್ಲಿ, ಮುಖದಲ್ಲಿ ಒತ್ತುವಂತಿಲ್ಲ. ಇದು ಅಂದಕ್ಕೆ ಮಾಡುವ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಜೀನು ಕೂರುವ ಜಾಗದಲ್ಲಿ, ಹೊಟ್ಟೆಗೆ ಪಟ್ಟಿ ಬಿಗಿಯುವ ಜಾಗದಲ್ಲಿ ಒಂದು ಚಿಟಿಕೆ ಮರಳು ಉಳಿದರೂ ಸವಾರನ ಭಾರಕ್ಕೆ ಅದು ಚರ್ಮ ತಿಂದು ಹುಣ್ಣು ಮಾಡುತ್ತದೆ. ಬೆನ್ನಿನಲ್ಲಿ ಉಜ್ಜುವಾಗ ಒಂದು ಕಡೆ ಚರ್ಮ ನಡುಗಿದರೆ ಅಲ್ಲಿ ನೋವಿದೆ. ಕಣ್ಣಿಗೆ ಕಾಣದ್ದನ್ನು ಅಂಗೈ ಹುಡುಕಿ ತೆಗೆಯುವ ಕೆಲಸ ಅದು.

ಗೊರಸು ಎತ್ತಿಸುವುದು ಮತ್ತೂ ಸೂಕ್ಷ್ಮ. ಭುಜದಿಂದ ಕೆಳಗೆ ಕೈ ಜಾರಿಸುತ್ತ ಬಂದು, ಕಾಲಿನ ಹಿಂಭಾಗ ಮೆಲ್ಲಗೆ ಹಿಸುಕಿದರೆ ಕುದುರೆ ತಾನೇ ಕಾಲು ಕೊಡುತ್ತದೆ. ಕೊಕ್ಕೆಯಿಂದ ಲಾಳದೊಳಗಿನ ಮಣ್ಣು, ಲದ್ದಿ, ಕಲ್ಲು ತೆಗೆಯಬೇಕು. ಹಿಮ್ಮಡಿಯಿಂದ ಮುಂದಕ್ಕೆ ತೆಗೆಯಬೇಕು, ನಡುವಿನ ಮೆತ್ತನೆಯ ತ್ರಿಕೋನವನ್ನು ಕೆರೆಯಬಾರದು. ಒದ್ದೆ ನೆಲದಲ್ಲಿ ನಿಂತ ಗೊರಸು ಕೊಳೆತರೆ ವಾಸನೆಯೇ ಹೇಳುತ್ತದೆ. ಆರೆಂಟು ವಾರಕ್ಕೊಮ್ಮೆ ಲಾಳ ಕಟ್ಟುವವರು ಬಂದು ಗೊರಸು ಹೆರೆದು ಹೊಸದಾಗಿ ಕೂರಿಸದಿದ್ದರೆ ಕಾಲಿನ ಕೋನವೇ ಕೆಟ್ಟು ಕುದುರೆ ಕುಂಟುತ್ತದೆ.

ಮೇವಿನ ವಿಷಯ ಕೇಳಿದಷ್ಟೂ ಮುಗಿಯದು. ಇಷ್ಟು ದೊಡ್ಡ ಮೈಗೆ ಹೊಟ್ಟೆಯ ಚೀಲ ಮಾತ್ರ ಸಣ್ಣದು. ಹಾಗಾಗಿ ಅದು ಹಗಲೂ ರಾತ್ರಿಯೂ ಸ್ವಲ್ಪಸ್ವಲ್ಪವೇ ತಿನ್ನುತ್ತಿರಬೇಕು. ಹುಲ್ಲು ಮುಖ್ಯ, ಜೊತೆಗೆ ನಾವು ಕುದುರೆಮಸಾಲೆ ಎನ್ನುವ ಲೂಸರ್ನ್ ಸೊಪ್ಪು, ಓಟ್ಸ್, ಬೂಸಾ, ಬೇಯಿಸಿದ ಹುರುಳಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಮ್ಮೆ ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಅದಕ್ಕೇ ಅದರ ಹೊಟ್ಟೆಶೂಲೆ ಅಂದರೆ ಪ್ರಾಣಕ್ಕೆ ಸಂಚಕಾರ. ಪ್ರೀತಿಯಿಂದ ಬ್ರೆಡ್ಡು, ಬಿಸ್ಕತ್ತು ತಂದು ತಿನ್ನಿಸುವ ತಂದೆತಾಯಂದಿರಿಗೆ ನಮ್ಮ ಸೈಸ್ ಕೈ ಮುಗಿದು ಬೇಡ ಎನ್ನುತ್ತಿದ್ದುದು ಈ ಕಾರಣಕ್ಕೆ. ಒಂದು ದಿನ ಅವರು ರಾಣಿಯ ಮುಂಗಾಲಿನ ಮುಂದೆ ಕೂತು ಮೇಲಿನಿಂದ ಕೆಳಕ್ಕೆ ಅಂಗೈ ಸವರುವುದನ್ನು ಕಂಡೆ. "ಬಿಸಿ ನೋಡ್ತಾ ಇದೀನಿ ಅಕ್ಕಾ" ಎಂದರು. ನನ್ನ ತಾತ ಯಾವ ಶಾಲೆಗೂ ಹೋಗದೆ ಕಲಿತಿದ್ದ ಅದೇ ವಿದ್ಯೆ.

ಮೇಷ್ಟ್ರು ಕೊನೆಗೆ ಹತ್ತಲು ಹೇಳಿದಾಗ ರಾಣಿ ನನಗೆ ಪರಿಚಯದವಳಾಗಿದ್ದಳು. ಹತ್ತುವುದು ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದ ಕಾಲದಿಂದ ಬಂದ ರೂಢಿ ಅದು. ನೆಲದಿಂದ ಜಿಗಿಯುವಂತಿಲ್ಲ, ಮರದ ಮೆಟ್ಟಿಲಿಟ್ಟು ಹತ್ತಬೇಕು. ಒಂದೇ ರಿಕಾಪಿನ, ಅಂದರೆ ಪಾದವಿಡುವ ಕೊಂಡಿಯ, ಮೇಲೆ ಪೂರ್ತಿ ಭಾರ ಬಿದ್ದರೆ ಕುದುರೆಯ ಬೆನ್ನು ತಿರುಚುತ್ತದೆ. ಹತ್ತಿದ ಮೇಲೆ ಲಗಾಮು ಕೊಡಲಿಲ್ಲ. ಮೇಷ್ಟ್ರು ಮರಳಿನ ಅಂಗಳದ ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ತಿರುಗಿಸಿದರು. ನನಗೆ ಒಂದೇ ಕೆಲಸ: ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದು ಗೆರೆಯಲ್ಲಿರಬೇಕು, ಕಣ್ಣು ಮುಂದಿರಬೇಕು, ಉಸಿರು ಬಿಡಬೇಕು. ಕೈ ಚಾಚಿ ಕೂರಿಸಿದರು, ಕಣ್ಣು ಮುಚ್ಚಿ ಕೂರಿಸಿದರು, ರಿಕಾಪಿನಿಂದ ಕಾಲು ತೆಗೆಸಿ ಕೂರಿಸಿದರು. ನಾಲ್ಕೂವರೆ ಶತಮಾನದ ಇತಿಹಾಸವಿರುವ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿಯೂ ಹೊಸದಾಗಿ ಸೇರಿದವರನ್ನು ತಿಂಗಳುಗಟ್ಟಲೆ ಹೀಗೆಯೇ ಲಗಾಮಿಲ್ಲದೆ, ರಿಕಾಪಿಲ್ಲದೆ ಹಗ್ಗದ ಕುದುರೆಯ ಮೇಲೆ ಕೂರಿಸುತ್ತಾರೆ. ಕೂರಲು ಬಾರದವರ ಕೈಗೆ ಲಗಾಮು ಕೊಟ್ಟರೆ ಅವರು ಸಮತೋಲ ತಪ್ಪಿದಾಗಲೆಲ್ಲ ಅದನ್ನೇ ಹಿಡಿದು ನೇತಾಡುತ್ತಾರೆ. ಕಡಿವಾಣದ ಸರಳು ಕೂರುವುದು ಕುದುರೆಯ ಬಾಯಿಯ ಹಲ್ಲಿಲ್ಲದ ಸಂದಿನಲ್ಲಿ, ಬರೀ ವಸಡಿನ ಮೇಲೆ. ನೇತಾಡುವವರ ಭಾರವೆಲ್ಲ ಆ ವಸಡಿಗೆ.

ನಡಿಗೆಯಲ್ಲಿ ನಾಲ್ಕು ಕಾಲಿನ ನಾಲ್ಕು ತಾಳ. ಕುಕ್ಕುಲೋಟದಲ್ಲಿ ಎರಡು: ಮುಂದಿನ ಎಡಗಾಲಿನ ಜೊತೆ ಹಿಂದಿನ ಬಲಗಾಲು, ಮುಂದಿನ ಬಲಗಾಲಿನ ಜೊತೆ ಹಿಂದಿನ ಎಡಗಾಲು. ಅದಕ್ಕಿಂತ ವೇಗದ ಕ್ಯಾಂಟರಿನಲ್ಲಿ ಮೂರು. ಕುಕ್ಕುಲೋಟದ ಎರಡು ತಾಳದಲ್ಲಿ ಒಂದಕ್ಕೆ ಏಳುತ್ತ ಇನ್ನೊಂದಕ್ಕೆ ಕೂರುತ್ತ ಹೋಗುವುದನ್ನು ಮೈ ಹಿಡಿದುಕೊಂಡ ಕ್ಷಣದಲ್ಲಿ ಆಗುವ ಸಂತೋಷಕ್ಕೆ ನನ್ನ ಹತ್ತಿರ ಮಾತಿಲ್ಲ. ಕುಲುಕಾಟ ನಿಂತುಬಿಡುತ್ತದೆ. ಕೆಳಗಿನ ಪ್ರಾಣಿಯ ಬೆನ್ನು ಸಡಿಲವಾಗಿ ಅದು ಮೂಗಿನಿಂದ ಒಮ್ಮೆ ಫುರ್ರೆಂದು ಉಸಿರು ಬಿಡುತ್ತದೆ. ಅಂಗಳದ ಅಂಚಿನಿಂದ ನಮ್ಮ ಸೈಸ್ "ಈಗ ಅದಕ್ಕೂ ಹಾಯಾಗಿದೆ" ಅಂದದ್ದು ನನಗೆ ಸಿಕ್ಕ ದೊಡ್ಡ ಮಾರ್ಕು.

ಈ ಕ್ರಮಕ್ಕೆ ಆಕ್ಷೇಪ ಇಲ್ಲವೆಂದಲ್ಲ. ದುಡ್ಡು ಕೊಟ್ಟು ಮಗುವನ್ನು ಲದ್ದಿ ಬಾಚಲು ಕಳಿಸುತ್ತೇವಾ ಎಂದು ನೇರವಾಗಿ ಕೇಳಿದ ತಂದೆಯೊಬ್ಬರಿದ್ದಾರೆ. ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸವಾರಿ ಕ್ಲಾಸು ಅಗ್ಗದ್ದಲ್ಲ. ಮಧ್ಯಮವರ್ಗದ ಮನೆಯವರು ಬೇರೆ ಯಾವುದನ್ನೋ ಕಡಿಮೆ ಮಾಡಿ ಆ ಫೀಸು ಹೊಂದಿಸುತ್ತಾರೆ, ಅರ್ಧ ಗಂಟೆಗೆ ಅರ್ಧ ಗಂಟೆಯೂ ಮಗು ಕುದುರೆಯ ಮೇಲಿರಲಿ ಎಂದು ಬಯಸುವುದು ಸಹಜ. ಶಾಲೆ ನಡೆಸುವವರೂ ಅದನ್ನೇ ಹೇಳುತ್ತಾರೆ, ಕೂರಿಸದಿದ್ದರೆ ಮುಂದಿನ ವಾರ ಬರುವುದಿಲ್ಲ ಎಂದು. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ನೋಡಿ. ಒಬ್ಬರು ಇಳಿದ ಕೂಡಲೇ ಇನ್ನೊಬ್ಬರು ಹತ್ತಿದರೆ, ಕುದುರೆಯ ಬೆನ್ನು ನೋಡುವ, ಪಟ್ಟಿ ಸಡಿಲಿಸಿ ನೀರು ಕೊಡುವ ಹೊತ್ತೇ ಇರುವುದಿಲ್ಲ. ಬಾಯಿ ಮರಗಟ್ಟಿದ, ಬೆನ್ನು ನೊಂದ ಕುದುರೆ ಒಂದು ದಿನ ಮುಗ್ಗರಿಸುತ್ತದೆ ಅಥವಾ ಕೊಡವುತ್ತದೆ. ಬೀಳುವುದು ಅದೇ ಮಗು. ಲಾಯದಲ್ಲಿ ಕಳೆದ ಹೊತ್ತು ದುಡ್ಡಿನ ದಂಡವೆನ್ನುವವರು ಆಸ್ಪತ್ರೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ತಂದೆಯ ಮಾತಿನೊಳಗೆ ಇನ್ನೊಂದು ಅಳುಕೂ ಇತ್ತೆಂದು ನನಗೆ ತೋರುತ್ತದೆ. ಸವಾರಿ ದೊಡ್ಡವರ ವಿದ್ಯೆ, ಲಾಯ ಕೂಲಿಯವರ ಜಾಗ, ನಾವು ಮೇಲೆ ಕೂರಲು ಬಂದವರು ಎಂಬ ಭಾವನೆ. ಇದು ನಮ್ಮ ದೇಶದ ರೋಗ ಮಾತ್ರವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುದುರೆಯಿಂದ ನಿಗದಿತ ಹೆಜ್ಜೆಗಳನ್ನು ಹಾಕಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತ್ತು. ಆ ತಂಡದ ಗೆನಾಲ್ ಪೆರ್ಸನ್ ನಿಜದಲ್ಲಿ ಸೇನೆಯ ಸಾರ್ಜೆಂಟು. ಸವಾರಿ ಸ್ಪರ್ಧೆಗೆ ಸೇನೆಯಿಂದ ಅಧಿಕಾರಿ ದರ್ಜೆಯವರಷ್ಟೇ ಬರಬಹುದೆಂಬ ನಿಯಮ ಅಂದು ಇತ್ತು. ಅಷ್ಟಕ್ಕೇ ಮರುವರ್ಷ ತಂಡದ ಚಿನ್ನ ಕಿತ್ತುಕೊಂಡರು. 1952ರ ಹೆಲ್ಸಿಂಕಿಯ ಹೊತ್ತಿಗೆ ಆ ನಿಯಮ ಹೋಯಿತು. ಅದೇ ಪೆರ್ಸನ್ ಅಲ್ಲಿಯೂ, 1956ರಲ್ಲಿಯೂ ತಂಡದೊಂದಿಗೆ ಚಿನ್ನ ಗೆದ್ದರು. ಹೆಲ್ಸಿಂಕಿಯಲ್ಲಿಯೇ ಡ್ರೆಸಾಜ್‌ಗೆ ಮೊದಲ ಬಾರಿ ಹೆಣ್ಣುಮಕ್ಕಳನ್ನು ಬಿಟ್ಟುಕೊಂಡದ್ದು. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ, ಕುದುರೆ ಹತ್ತಲು ಇಳಿಯಲು ಇನ್ನೊಬ್ಬರ ನೆರವು ಬೇಕಾಗಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಗಂಡು ಹೆಣ್ಣು ಎಂದು ಬೇರೆ ಮಾಡದೆ ಒಂದೇ ಕಣದಲ್ಲಿ ಸ್ಪರ್ಧೆ ನಡೆಯುವ ಒಲಿಂಪಿಕ್ ಆಟ ಇದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಡ್ರೆಸಾಜ್‌ನಲ್ಲಿ ತಂಡದ ಚಿನ್ನ ತಂದ ನಮ್ಮ ನಾಲ್ವರಲ್ಲಿ ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಇಬ್ಬರು ಹೆಣ್ಣುಮಕ್ಕಳು.

ಬೆಂಗಳೂರಿನ ಫವಾದ್ ಮಿರ್ಜಾ ಹೆಸರನ್ನು ಈಗ ಮಕ್ಕಳೂ ಹೇಳುತ್ತಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ (ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಿಗಿತ ಮೂರೂ ಸೇರಿದ ಸ್ಪರ್ಧೆ) ವೈಯಕ್ತಿಕ ಬೆಳ್ಳಿ, ತಂಡಕ್ಕೂ ಬೆಳ್ಳಿ. ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಬಂದ ಮೊದಲ ವೈಯಕ್ತಿಕ ಪದಕ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 23ನೆಯವರಾದರು. ಅವರ ಹಾಗಾಗಬೇಕು ಎನ್ನುವ ಮಕ್ಕಳಿಗೆ ಈವೆಂಟಿಂಗ್ ಹೇಗೆ ಶುರುವಾಗುತ್ತದೆ ಎಂಬುದನ್ನು ನಾನು ವಿವರಿಸುತ್ತೇನೆ. ಡ್ರೆಸಾಜ್‌ಗೂ ಮುಂಚೆ ಪಶುವೈದ್ಯರ, ತೀರ್ಪುಗಾರರ ಮುಂದೆ ಸವಾರರು ನೆಲದ ಮೇಲೆ ಪಕ್ಕದಲ್ಲಿ ಓಡುತ್ತ ಕುದುರೆಯನ್ನು ಓಡಿಸಿ ತೋರಿಸಬೇಕು. ಹೆಜ್ಜೆಯಲ್ಲಿ ಸ್ವಲ್ಪ ಕುಂಟು ಕಂಡರೂ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಬೇಲಿ, ಹಳ್ಳ ಹಾರುವ ಕ್ರಾಸ್‌ಕಂಟ್ರಿ ಮುಗಿದ ಮೇಲೆ, ಕೊನೆಯ ಸುತ್ತಿಗೆ ಮುಂಚೆ ಮತ್ತೊಮ್ಮೆ ಅದೇ ಪರೀಕ್ಷೆ. ಒಲಿಂಪಿಕ್ಸ್‌ನವರೇ ಲಾಯದ ಕೆಲಸವನ್ನು ಮೊದಲಿಗಿಟ್ಟಿರುವಾಗ ನಮ್ಮ ವಾರಾಂತ್ಯದ ಶಾಲೆಗಳಿಗೆ ಅದು ಕೀಳಾಗಬಾರದು.

ಶಾಲೆ ಆರಿಸುವವರಿಗೆ ನಾನು ಹೇಳುವುದು, ಮುಂಚೆ ತಿಳಿಸದೆ ಬೆಳಿಗ್ಗೆ ಆರಕ್ಕೆ ಹೋಗಿ. ಕಚೇರಿಗೆ ಹೋಗುವ ಮೊದಲು ಲಾಯ ತೋರಿಸಿ ಎನ್ನಿ. ತೊಟ್ಟಿಯಲ್ಲಿ ನೀರಿದೆಯೇ, ಹಾಸಿದ ಹುಲ್ಲು ಒಣಗಿದೆಯೇ, ಕುದುರೆಗಳ ಪಕ್ಕೆಲುಬು ಎಣಿಸುವ ಹಾಗಿದೆಯೇ, ಕತ್ತು ಬೆನ್ನು ಸೇರುವ ಕಡೆ ಹಳೆಯ ಹುಣ್ಣಿನ ಬಿಳಿ ಕೂದಲಿನ ಗುರುತುಗಳಿವೆಯೇ ನೋಡಿ. ಜನ ಹತ್ತಿರ ಬಂದರೆ ಕುದುರೆ ಕಿವಿ ಮುಂದೆ ಮಾಡುತ್ತದೋ, ಗೋಡೆಯ ಕಡೆ ತಿರುಗುತ್ತದೋ ನೋಡಿ. ಅದು ಹೇಳುವಷ್ಟು ನಿಜವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಒಂದು ಕುದುರೆ ದಿನಕ್ಕೆ ಎಷ್ಟು ಕ್ಲಾಸು ದುಡಿಯುತ್ತದೆ, ವಾರಕ್ಕೆ ರಜೆ ಯಾವತ್ತು ಎಂದು ಕೇಳಿ. ಸವಾರರ ತೂಕಕ್ಕೆ ಮಿತಿಯಿದೆಯೇ ಎಂದೂ ಕೇಳಿ. ಜೀನೂ ಸೇರಿ ಕುದುರೆಯ ತೂಕದ ಶೇಕಡ 20ರೊಳಗೆ ಎಂಬುದು ಹಲವು ಕಡೆ ಪಾಲಿಸುವ ಲೆಕ್ಕ. ಈ ಪ್ರಶ್ನೆಗಳಿಗೆ ಬೇಸರಪಡುವ ಶಾಲೆಯಿಂದ ಹಾಗೇ ವಾಪಸು ಬನ್ನಿ.

ಉಡುಗೆಗೆ ಹೆಚ್ಚು ಖರ್ಚು ಬೇಡ. ಒಳಗಡೆ ದಪ್ಪ ಹೊಲಿಗೆಯಿಲ್ಲದ ಉದ್ದ ಪ್ಯಾಂಟು ಸಾಕು, ದುಪಟ್ಟಾ, ಬಳೆ, ಜೋಲಾಡುವ ಓಲೆ ಬೇಡ. ಬೂಟಿಗೆ ಒಂದಿಂಚಿನ ಹಿಮ್ಮಡಿ ಇರಲೇಬೇಕು. ಚಪ್ಪಟೆ ಅಟ್ಟೆಯ ಶೂ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುತ್ತದೆ. ಹೆಲ್ಮೆಟ್ಟು ಸವಾರಿಗೆಂದೇ ಮಾಡಿದ್ದಾಗಿರಬೇಕು, ಸೈಕಲ್ಲಿನದು ಆಗದು, ಒಮ್ಮೆ ಜೋರಾಗಿ ಬಡಿದರೆ ಬದಲಿಸಬೇಕು. ಲಾಯದ ಮಣ್ಣಿನಲ್ಲಿ, ಲದ್ದಿಯಲ್ಲಿ ಧನುರ್ವಾಯುವಿನ ಸೂಕ್ಷ್ಮಾಣು ಇರುವುದರಿಂದ ಸೇರುವ ಮೊದಲೇ ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಳ್ಳಿ. ವಯಸ್ಸಿನ ಬಗ್ಗೆ ಅಳುಕಬೇಡಿ. ನನ್ನ ಬ್ಯಾಚಿನಲ್ಲಿ ನನಗಿಂತ ಹಿರಿಯರಿದ್ದರು.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್‌ನ ಝೆನೊಫನ್ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಕೋಪದಲ್ಲಿ ಕುದುರೆಯ ಹತ್ತಿರ ಹೋಗಬಾರದು ಎಂದು ಬುದ್ಧಿ ಹೇಳಿದ್ದಾನೆ. ಕುದುರೆ ತೂಕದ ಲೆಕ್ಕದಲ್ಲಿ ನಮ್ಮನ್ನು ಯಾವಾಗಲೂ ಸೋಲಿಸುತ್ತದೆ. ಉಳಿದಿರುವ ದಾರಿ ಸಮಾಧಾನ ಒಂದೇ. ಶಾಲೆ, ಟ್ಯೂಷನ್, ರ‍್ಯಾಂಕು ಎಂದು ದಿನವಿಡೀ ತಳ್ಳಿಸಿಕೊಂಡು ಬರುವ ನಮ್ಮ ನಗರದ ಮಕ್ಕಳಿಗೆ, ತಾವು ಉಸಿರು ಹಿಡಿದರೆ ತಮ್ಮ ಕೆಳಗಿರುವ ದೊಡ್ಡ ಪ್ರಾಣಿಯೂ ಗಾಬರಿಯಾಗುತ್ತದೆ, ತಾವು ನಿಧಾನವಾದರೆ ಅದೂ ನಿಧಾನವಾಗುತ್ತದೆ ಎಂಬುದು ಮೈಗೇ ತಿಳಿಯುವ ಜಾಗ ಬೇರೆಲ್ಲೂ ಇಲ್ಲ. ನನ್ನ ಮಗಳಲ್ಲಿ ಆ ಬದಲಾವಣೆಯನ್ನು ನಾನು ನೋಡಿದ್ದೇನೆ.

ಈ ಅವಕಾಶ ಫೀಸು ಕಟ್ಟಬಲ್ಲವರಿಗೆ ಮಾತ್ರ ಉಳಿಯಬಾರದು. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ಟಟ್ಟುಗಳ ಸಂಖ್ಯೆ ಏಳು ವರ್ಷದಲ್ಲಿ ಶೇಕಡ 45ರಷ್ಟು ಇಳಿದು 3.4 ಲಕ್ಷಕ್ಕೆ ಬಂದಿತ್ತು. ಬಂಡಿ ನಿಂತಿತು, ಹೊರೆ ಹೊರುವ ಕೆಲಸ ನಿಂತಿತು, ಅದರ ಜೊತೆ ಕುದುರೆ ಬಲ್ಲ ಮನೆತನಗಳೂ ಬೇರೆ ಕೆಲಸಕ್ಕೆ ಹೋದವು. ನಮ್ಮ ಮನೆಯೂ ಅದರಲ್ಲಿ ಒಂದು. ಮೈಸೂರಿನಲ್ಲಿ ದಸರೆಯ ಮೆರವಣಿಗೆಗೆ ಹೆಜ್ಜೆ ಹಾಕುವ ಅಶ್ವಾರೋಹಿ ಪೊಲೀಸ್ ದಳವಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಸರ್ಕಾರಿ ಶಾಲೆಯ ಮಕ್ಕಳನ್ನು ಶನಿವಾರದ ಬೆಳಗು ಲಾಯಕ್ಕೆ ಕರೆದೊಯ್ದು ಮೈ ಉಜ್ಜಲು, ಗೊರಸು ತೆಗೆಯಲು, ಹಿಡಿದು ನಡೆಸಲು ಕಲಿಸುವುದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕುದುರೆಯೂ ಬೇಡ. ಕ್ರೀಡಾ ಇಲಾಖೆ, ಪೊಲೀಸ್ ಇಲಾಖೆ ಕೂತು ಮಾತಾಡಿದರೆ ಸಾಕು. ಅದೇ ಕಾಲೇಜು ಸೈಸ್‌ಗಳಿಗಾಗಿ ಪ್ರಥಮ ಚಿಕಿತ್ಸೆ, ಮೇವು, ಲಾಳದ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೋರ್ಸು ನಡೆಸಿ ಪ್ರಮಾಣಪತ್ರ ಕೊಟ್ಟರೆ, ಕೈಯಲ್ಲಿರುವ ವಿದ್ಯೆಗೆ ಕಾಗದದ ಬಲವೂ ಬರುತ್ತದೆ, ಸಂಬಳ ಕೇಳಲು ಒಂದು ಆಧಾರವೂ ಆಗುತ್ತದೆ.

ಖಾಸಗಿ ಶಾಲೆಗಳು ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಒಂದು ಗಂಟೆಯ ಕ್ಲಾಸಿನಲ್ಲಿ ಇಪ್ಪತ್ತು ನಿಮಿಷ ಲಾಯದ್ದು ಎಂದು ರಸೀದಿಯಲ್ಲೇ ಬರೆಯಲಿ, ಆ ಪಾಠ ಹೇಳಿದ ಸೈಸ್ ಹೆಸರನ್ನೂ ಬರೆಯಲಿ, ಆ ಇಪ್ಪತ್ತು ನಿಮಿಷದ ಫೀಸು ಅವರ ಕೈಗೆ ಸೇರಲಿ. ಕೊಡುವ ತಂದೆತಾಯಂದಿರು ನಾವು, ಅದನ್ನು ಕೇಳುವ ಹಕ್ಕೂ ನಮ್ಮದೇ.